ನಿಮಗಿದು ಗೊತ್ತೇ? ಎಡ ತಿರುವಿನಲ್ಲಿ ಮಾತ್ರ ಉರಿಯುವ ಕೆಂಪು ದೀಪ

ಕಾರಿನ ಮೀಟರ್ ಬೋರ್ಡಿನಲ್ಲಿ ಹತ್ತಿ ಹತ್ತಿಯೇ ಇರುವ ದೀಪಕ್ಕಿಂತ ಹತ್ತಿ ಆರುವ ದೀಪ ಹೆಚ್ಚು ಸುದ್ದಿ ಹೇಳುತ್ತದೆ. ಗೊತ್ತಿತ್ತೇ? ನನಗೂ ಗೊತ್ತಿರಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಎಡಕ್ಕೆ ತಿರುಗುವಾಗಲೆಲ್ಲ ಬ್ರೇಕಿನ ಕೆಂಪು ದೀಪ ಒಂದು ಕ್ಷಣ ಹತ್ತಿ ಆರುತ್ತಿತ್ತು. ಬಲ ತಿರುವಿನಲ್ಲಿ ಇಲ್ಲ, ನೇರ ದಾರಿಯಲ್ಲಿ ಇಲ್ಲ. ಉಜಿರೆ ಮುಟ್ಟಿದ ಮೇಲಂತೂ ಅದರ ಸುಳಿವೇ ಇಲ್ಲ. ಪಕ್ಕದಲ್ಲಿದ್ದ ಹೆಂಡತಿ, "ಅದೇನ್ರೀ ಕೆಂಪಗೆ?" ಅಂದಳು. "ಏನಿಲ್ಲ, ಸೆನ್ಸರ್ ಇರಬೇಕು" ಅಂದೆ. ಗೊತ್ತಿಲ್ಲದ್ದಕ್ಕೆಲ್ಲ ಸೆನ್ಸರ್ ಅನ್ನುವುದು ಈ ಕಾಲದ ಗಂಡಸರ ಚಾಳಿ.

ಆ ದೀಪದ ಬೆನ್ನು ಹತ್ತಿ ಹೋದಾಗ ಸಿಕ್ಕ ಸಂಗತಿಗಳು ಇವು. ಕೆಲವು ಗ್ಯಾರೇಜಿನಲ್ಲಿ ಕಲಿತದ್ದು, ಕೆಲವು ಓದಿದ್ದು, ಒಂದೆರಡು ಕೈ ಸುಟ್ಟುಕೊಂಡು ತಿಳಿದದ್ದು.

ಆ ಚಿಹ್ನೆ ಬರೀ ಅಲಂಕಾರವಲ್ಲ. ನಡುವಿನ ದುಂಡು ಗೆರೆ ಬ್ರೇಕ್ ಡ್ರಮ್. ಅದರ ಎಡಬಲಕ್ಕೆ ಇರುವ ಎರಡು ಕಮಾನುಗಳು ಬ್ರೇಕ್ ಶೂಗಳು, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಲೈನರ್. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದು ಎಷ್ಟೋ ದಶಕ ಕಳೆದರೂ ಚಿಹ್ನೆಯಲ್ಲಿ ಡ್ರಮ್ ಹಾಗೇ ಉಳಿದುಕೊಂಡಿದೆ. ವಾಹನಗಳ ಚಿಹ್ನೆಗಳಿಗೆಂದೇ ಐಎಸ್ಒ 2575 ಎಂಬ ಜಾಗತಿಕ ಮಾನದಂಡವಿದೆ. ಜಪಾನಿನ ಕಾರಿರಲಿ, ಜರ್ಮನಿಯದಿರಲಿ, ಬಿಡದಿಯಲ್ಲಿ ತಯಾರಾದದ್ದಿರಲಿ, ಗುರುತು ಒಂದೇ. ಕೆಂಪು ಅಂದರೆ ಅಪಾಯ, ಹಳದಿ ಅಂದರೆ ಬೇಗ ತೋರಿಸಿ, ಹಸಿರು ಅಂದರೆ ಕೆಲಸ ನಡೆಯುತ್ತಿದೆ.

ದೀಪ ಒಂದೇ, ಆದರೆ ಅದನ್ನು ಹೊತ್ತಿಸುವವರು ಹಲವರು. ಹ್ಯಾಂಡ್ ಬ್ರೇಕಿನ ಸ್ವಿಚ್ಚು, ಬ್ರೇಕ್ ಆಯಿಲ್ ಡಬ್ಬಿಯ ಒಳಗಿನ ತೇಲುಬುರುಡೆ, ಎಬಿಎಸ್ ಪೆಟ್ಟಿಗೆ, ಕೆಲವು ಕಾರುಗಳಲ್ಲಿ ಪ್ಯಾಡಿನ ಸವೆತ ಹೇಳುವ ತಂತಿ, ಕೆಲವು ಹಳೆಯ ಕಾರುಗಳಲ್ಲಿ ಡೈನಮೋ ಕೂಡ. ಒಂದೇ ಕಾಲಿಂಗ್ ಬೆಲ್ಲಿಗೆ ಐದು ಮನೆಯವರು ಗುಂಡಿ ಇಟ್ಟುಕೊಂಡ ಹಾಗೆ. ಬೆಲ್ ಹೊಡೆದದ್ದು ಯಾರೆಂದು ಗಂಟೆಯ ಸದ್ದಿನಿಂದ ಗೊತ್ತಾಗುವುದಿಲ್ಲ, ಹೊಡೆದ ಹೊತ್ತಿನಿಂದ ಊಹಿಸಬೇಕು.

ದೀಪ ಉರಿಯದಿರುವುದೂ ದೋಷವೇ! ಕೀ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಒಮ್ಮೆ ಹತ್ತಿ ಆರುತ್ತವಲ್ಲ, ಅದು ದೀಪಗಳ ಹಾಜರಿ. ಆ ಹಾಜರಿಯಲ್ಲಿ ಕೆಂಪು ಬ್ರೇಕ್ ದೀಪ ಕಾಣದಿದ್ದರೆ ಬಲ್ಬು ಹೋಗಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಟೈರು ಒದ್ದು ನೋಡುತ್ತಾರೆ, ಬಾನೆಟ್ ಎತ್ತಿ ಏನೋ ಅರ್ಥವಾದವರಂತೆ ತಲೆ ಆಡಿಸುತ್ತಾರೆ. ಅದಕ್ಕಿಂತ ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಒಂದು ಹಂತ ತಿರುಗಿಸಿ, ದೀಪಗಳನ್ನು ಎಣಿಸಿ. ಹ್ಯಾಂಡ್ ಬ್ರೇಕ್ ಎಳೆದರೂ ಕೆಂಪು ಬರದಿದ್ದರೆ ಮಾರುವವರ ಮುಖ ನೋಡಿ.

ಡಬ್ಬಿಯ ಒಳಗಿನ ತೇಲುಬುರುಡೆಯಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಆಯಿಲ್ ಇಳಿದಂತೆ ಬುರುಡೆಯೂ ಇಳಿಯುತ್ತದೆ. ಕೆಳಗೆ ಗಾಜಿನ ಕೊಳವೆಯಲ್ಲಿ ಎರಡು ತೆಳು ಲೋಹದ ಎಲೆಗಳು ಒಂದಕ್ಕೊಂದು ಮುಟ್ಟದೆ ಕಾಯುತ್ತಿರುತ್ತವೆ. ಅಯಸ್ಕಾಂತ ಹತ್ತಿರ ಬಂದಾಗ ಎರಡೂ ಅಂಟಿಕೊಂಡು ಕರೆಂಟ್ ಹರಿಯುತ್ತದೆ, ದೀಪ ಹತ್ತುತ್ತದೆ. ಇದೇ ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನ ವಾಲ್ಟರ್ ಎಲ್ವುಡ್ ಕಂಡುಹಿಡಿದದ್ದು. ಮನೆ ಬಾಗಿಲಿನ ಕಳ್ಳಗಂಟೆಯಲ್ಲಿ ಇರುವುದೂ ಅದರ ತಮ್ಮನೇ.

ಹಾಗಾದರೆ ಎಡ ತಿರುವಿನಲ್ಲಿ ಮಾತ್ರ ಏಕೆ? ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬ ಇಷ್ಟವಾದ ಲೆಕ್ಕ ಇದು. ತುಂಬಿದ ಬಿಂದಿಗೆ ಹೊತ್ತು ತಿರುವಿನಲ್ಲಿ ಹೋದರೆ ನೀರು ಹೊರಬದಿಗೆ ಏರುತ್ತದೆ. ಕಾರು ಎಡಕ್ಕೆ ತಿರುಗಿದರೆ ಡಬ್ಬಿಯ ಆಯಿಲ್ ಬಲಗೋಡೆಗೆ ಏರಿ ಎಡಗೋಡೆಯ ಬಳಿ ತಗ್ಗುತ್ತದೆ. ತೇಲುಬುರುಡೆ ಎಡಬದಿಯಲ್ಲಿದ್ದರೆ ಅದಕ್ಕೆ ಆಯಿಲ್ ಖಾಲಿಯಾಯಿತೆಂದೇ ಭಾಸ. ಬ್ರೇಕ್ ಒತ್ತಿದಾಗ ಇದೇ ಆಟ ಹಿಂದೆ ಮುಂದೆ ನಡೆಯುತ್ತದೆ. ಗುರುತ್ವಾಕರ್ಷಣೆಯ ಹತ್ತರಲ್ಲಿ ಮೂರು ಪಾಲಿನಷ್ಟು ಜೋರಾಗಿ ಬ್ರೇಕ್ ಹಾಕಿದಿರಿ ಅನ್ನಿ. ದಿನವೂ ಸಿಗ್ನಲ್ಲಿನಲ್ಲಿ ನೀವು ಹಾಕುವ ಬ್ರೇಕಿಗಿಂತ ತುಸು ಹೆಚ್ಚು, ಅಷ್ಟೇ. ಆಗ ಆಯಿಲಿನ ಮೇಲ್ಮೈ ಹತ್ತಕ್ಕೆ ಮೂರರಂತೆ ಓರೆಯಾಗುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಡಬ್ಬಿಯಲ್ಲಿ ಹಿಂದಿನ ಅಂಚಿನ ಆಯಿಲ್ ಒಂದೂವರೆ ಸೆಂಟಿಮೀಟರ್ ಇಳಿದುಬಿಡುತ್ತದೆ! ಡಬ್ಬಿ ತುಂಬಿದ್ದರೆ ಇದರಿಂದ ಏನೂ ಆಗದು. ಮಟ್ಟ ಮಿನ್ ಗೆರೆಯ ಹತ್ತಿರಕ್ಕೆ ಬಂದಿದ್ದರೆ ಮಾತ್ರ ದೀಪ ಕಣ್ಣು ಮಿಟುಕಿಸುತ್ತದೆ.

ಅಂದರೆ ನನ್ನ ಕಾರಿನ ದೀಪ ಘಾಟಿಯ ಬಗ್ಗೆ ಹೇಳುತ್ತಿರಲಿಲ್ಲ. ಆಯಿಲ್ ಕಡಿಮೆಯಾಗುತ್ತಿದೆ, ಇನ್ನೂ ಪೂರ್ತಿ ಆಗಿಲ್ಲ ಎಂದು ಹೇಳುತ್ತಿತ್ತು. ಸದಾ ಉರಿಯುವ ದೀಪ ಈ ಸೂಕ್ಷ್ಮ ಹೇಳಲಾರದು.

ಆ ಡಬ್ಬಿ ಅರೆಪಾರದರ್ಶಕ ಬಿಳಿ ಪ್ಲಾಸ್ಟಿಕ್ಕಿನದೇ ಏಕೆ? ಮುಚ್ಚಳ ತೆಗೆಯದೆ ಮಟ್ಟ ಕಾಣಲಿ ಅಂತ. ಸುಮ್ಮನೆ ಮುಚ್ಚಳ ತೆಗೆದರೆ ಗಾಳಿಯ ತೇವ ಒಳಗೆ ಹೋಗುತ್ತದೆ. ಮೊಬೈಲ್ ಟಾರ್ಚನ್ನು ಡಬ್ಬಿಯ ಹಿಂದಿನಿಂದ ಹಿಡಿದರೆ ಆಯಿಲಿನ ಗೆರೆ ಚೆನ್ನಾಗಿ ಕಾಣುತ್ತದೆ.

ಸೋರಿಕೆ ಇಲ್ಲದೆಯೂ ಬ್ರೇಕ್ ಆಯಿಲ್ ಇಳಿಯುತ್ತದೆ. ಎಲ್ಲಿಗೆ ಹೋಗುತ್ತದೆ? ಚಕ್ರಕ್ಕೆ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಹೊರಗೆ ಸರಿಯುತ್ತದೆ, ಅದರ ಹಿಂದೆ ಖಾಲಿಯಾದ ಜಾಗವನ್ನು ಆಯಿಲ್ ತುಂಬುತ್ತದೆ. 54 ಮಿಲಿಮೀಟರ್ ಅಡ್ಡಳತೆಯ ಪಿಸ್ಟನ್ ಇಟ್ಟುಕೊಳ್ಳಿ. ಚಕ್ರಕ್ಕೆ ಎರಡು ಪ್ಯಾಡ್, ಒಂದೊಂದೂ 8 ಮಿಲಿಮೀಟರ್ ಸವೆದರೆ ಪಿಸ್ಟನ್ 16 ಮಿಲಿಮೀಟರ್ ಹೊರಬಂದಿರುತ್ತದೆ. ಮುಂದಿನ ಎರಡು ಚಕ್ರಕ್ಕೆ ಲೆಕ್ಕ ಹಾಕಿದರೆ 73 ಮಿಲಿಲೀಟರ್, ಹೆಚ್ಚು ಕಡಿಮೆ ಬೈಟೂ ಕಾಫಿಯ ಒಂದು ಲೋಟ. ಅಷ್ಟು ಪುಟ್ಟ ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆಯಿಂದ ಮಿನ್ ಗೆರೆಗೆ ಇಳಿಯಲು ಇಷ್ಟು ಸಾಕು.

ಆದ್ದರಿಂದ ದೀಪ ಮಿನುಗಿತೆಂದು ಆಯಿಲ್ ತಂದು ಸುರಿಯುವುದು ಜ್ವರ ಬಂದಾಗ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದ ಹಾಗೆ. ನಾನು ಮಾಡಿದ್ದು ಅದನ್ನೇ. ಘಾಟಿ ಇಳಿದ ವಾರದಲ್ಲೇ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಬಾನೆಟ್ ಎತ್ತಿದ, "ಆಯಿಲ್ ಕಮ್ಮಿ ಐತೆ ಸಾರ್" ಅಂದ, ಮ್ಯಾಕ್ಸ್ ತನಕ ತುಂಬಿಸಿದ. ದೀಪ ಹೋಯಿತು. ಐದು ನಿಮಿಷದ ಕೆಲಸ, ಸಂತೋಷವಾಗಿ ಮನೆಗೆ ಬಂದೆ. ಮೂರು ತಿಂಗಳ ಮೇಲೆ ಮುಂದಿನ ಚಕ್ರದಿಂದ ಕೀಂ ಎಂಬ ಸದ್ದು.

ಆ ಕೀಂ ಸದ್ದು ಕೂಡ ಬೇಕೆಂದೇ ಇಟ್ಟದ್ದು! ಎಷ್ಟೋ ಪ್ಯಾಡುಗಳಲ್ಲಿ ಒಂದು ಚಿಕ್ಕ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ದುಬಾರಿ ಕಾರುಗಳಲ್ಲಿ ನಾಲಿಗೆಯ ಬದಲು ಪ್ಯಾಡಿನ ಒಳಗೇ ತಂತಿ ಹುದುಗಿಸಿರುತ್ತಾರೆ, ತಂತಿ ಸವೆದರೆ ದೀಪ. ಹೊಸ ಪ್ಯಾಡು ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ, ಮೂರಕ್ಕೆ ಬಂದರೆ ಬದಲಿಸಬೇಕು. ನನ್ನದು ಎರಡಕ್ಕೆ ಬಂದಿತ್ತು.

ಈ ಸಲ ಹೋದದ್ದು ಬೇರೆ ಕಡೆ, ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿ. ಹೊಸ ಪ್ಯಾಡ್ ಕೂರಿಸಲು ಅವರು ಕ್ಲಾಂಪ್ ಹಾಕಿ ಪಿಸ್ಟನ್ನನ್ನು ಒಳಕ್ಕೆ ಒತ್ತುತ್ತಾ ಹೋದರು. ಒಳಗಿದ್ದ ಆಯಿಲ್ ಡಬ್ಬಿಗೆ ವಾಪಸು ಬಂತು. ಡಬ್ಬಿ ಮೊದಲೇ ತುಂಬಿದ್ದರಿಂದ ಮುಚ್ಚಳದ ಸಂದಿಯಿಂದ ಉಕ್ಕಿ ಪಕ್ಕದ ತಗಡಿನ ಮೇಲೆ ಹರಿಯಿತು. "ಯಾರ್ರೀ ಆಯಿಲ್ ತುಂಬ್ಸಿದ್ದು?" ಎಂದು ಬೈಯುತ್ತಾ ನೀರು ತರಿಸಿ ತೊಳೆದರು. ಆದರೂ ಅಂಗೈ ಅಗಲ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಈಗಲೂ ಬಾನೆಟ್ ಎತ್ತಿದಾಗಲೆಲ್ಲ ಅದು ಕಾಣುತ್ತದೆ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ ಎಂಬುದು ನಿಮಗೆ ಗೊತ್ತಿತ್ತೇ? ಚೆಲ್ಲಿದರೆ ಬಟ್ಟೆಯಿಂದ ಒರೆಸಬಾರದು, ಉಜ್ಜಿದಷ್ಟೂ ಹರಡುತ್ತದೆ. ತಕ್ಷಣ ನೀರು ಹೊಯ್ಯಬೇಕು, ಅದು ನೀರಿನಲ್ಲಿ ಕರಗುತ್ತದೆ.

ನೀರಿನಲ್ಲಿ ಕರಗುವ ಆಯಿಲ್ಲೇ? ಅದೇ ಮುಂದಿನ ಸಂಗತಿ. ನಾವೆಲ್ಲ ಬ್ರೇಕ್ ಆಯಿಲ್ ಅನ್ನುವುದು ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಈಥರ್ ಎಂಬ ಜಾತಿಯ ರಾಸಾಯನಿಕ. ನಿಜವಾದ ಎಣ್ಣೆ, ಉದಾಹರಣೆಗೆ ಎಂಜಿನ್ ಆಯಿಲ್, ಆ ಡಬ್ಬಿಗೆ ಹೋದರೆ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಟ್ಟು ಕೂರುತ್ತದೆ. ಆದರೆ ಹೆಸರಿನಲ್ಲಿ ಒಂದು ಸತ್ಯ ಅಡಗಿದೆ. ಹೈಡ್ರಾಲಿಕ್ ಬ್ರೇಕ್ ಹೊಸದಾಗಿದ್ದ ಕಾಲದಲ್ಲಿ ಒಳಗೆ ಹಾಕುತ್ತಿದ್ದುದು ಆಲ್ಕೊಹಾಲ್ ಬೆರೆಸಿದ ಹರಳೆಣ್ಣೆ! ನಮ್ಮಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಅದು ರಬ್ಬರಿಗೆ ತೊಂದರೆ ಕೊಡುತ್ತಿರಲಿಲ್ಲ. ಅಂದಹಾಗೆ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಬಾಟಲಿಯ ಮೇಲಿನ ಡಾಟ್ ಎಂದರೆ ಚುಕ್ಕೆಯಲ್ಲ, ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದರೆ 230. ಇನ್ನೊಂದು ತಮಾಷೆ ನೋಡಿ: ಡಾಟ್ 5 ಸಿಲಿಕೋನಿನದು, ನೇರಳೆ ಬಣ್ಣ, 3 ಮತ್ತು 4ರ ಜೊತೆ ಬೆರೆಸುವಂತಿಲ್ಲ. ಆದರೆ ಡಾಟ್ 5.1 ಮತ್ತೆ ಗ್ಲೈಕಾಲ್ ಕುಲದ್ದೇ. ಈ ಹೆಸರಿಟ್ಟವರು ಒಮ್ಮೆಯಾದರೂ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಡಬ್ಬಿ ಬಿಟ್ಟು ಹೊರಗಿಟ್ಟ ಹಪ್ಪಳದಂತೆ. ರಬ್ಬರ್ ಹೋಸಿನ ಮೂಲಕವೂ ತೇವ ನಿಧಾನಕ್ಕೆ ಒಳಗೆ ಇಳಿಯುತ್ತದೆ. ನೂರಕ್ಕೆ 3.7 ಪಾಲು ನೀರು ಸೇರಿದರೆ ಡಾಟ್ 3ಕ್ಕೆ ಇರಬೇಕಾದ ಕನಿಷ್ಠ ಕುದಿಬಿಂದು 140, ಡಾಟ್ 4ಕ್ಕೆ 155. ಆ 3.7 ಎಂಬುದೇ ಪರೀಕ್ಷೆಗೆ ಇಟ್ಟುಕೊಂಡ ಅಳತೆ. ಆಗುಂಬೆಯ ಹದಿನಾಲ್ಕು ತಿರುವನ್ನು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡಿಸ್ಕ್ ನೂರಾರು ಡಿಗ್ರಿ ಕಾಯುತ್ತದೆ, ಆ ಕಾವು ಪ್ಯಾಡ್ ದಾಟಿ ಆಯಿಲಿಗೆ ಮುಟ್ಟುತ್ತದೆ, ಒಳಗಿನ ನೀರು ಆವಿಯಾಗುತ್ತದೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಕಾಲ ಕೆಳಗೆ ಪೆಡಲು ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಈ ಆಪತ್ತಿಗೆ ಯಾವ ದೀಪವೂ ಹತ್ತುವುದಿಲ್ಲ. ಡಬ್ಬಿಯಲ್ಲಿ ಆಯಿಲ್ ತುಂಬಿಯೇ ಇರುತ್ತದಲ್ಲ! ಹಾಗಾಗಿಯೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುವುದು. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದೂ ಇದಕ್ಕೇ. ಹೋದ ವರ್ಷ ತೆರೆದ ಅರ್ಧ ಬಾಟಲಿ ಅಟ್ಟದ ಮೇಲಿದ್ದರೆ ಎಸೆದುಬಿಡಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆಯಲ್ಲಿ ಮನೆ ಇದ್ದರಂತೂ ಯೋಚಿಸಲೇ ಬೇಡಿ.

ಕ್ಲಚ್ ಮೆತ್ತಗಾದರೂ ಬ್ರೇಕ್ ದೀಪ ಹತ್ತಬಹುದು. ಹೈಡ್ರಾಲಿಕ್ ಕ್ಲಚ್ ಇರುವ ಅನೇಕ ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ. ಕ್ಲಚ್ ಕಡೆ ಸೋರಿದರೆ ದೂರು ಬ್ರೇಕಿನ ಹೆಸರಿನಲ್ಲಿ ಬರುತ್ತದೆ. ಡ್ರೈವರ್ ಮ್ಯಾಟಿನ ಮೇಲ್ತುದಿಯನ್ನು ಒಮ್ಮೆ ಮುಟ್ಟಿ ನೋಡಿ, ಒದ್ದೆಯಿದ್ದರೆ ಉತ್ತರ ಸಿಕ್ಕಿತು.

ಬೇರೆ ಸೋರಿಕೆಗಳಿಗೂ ಅವುಗಳದೇ ಗುರುತಿದೆ. ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ಸೋರಿದರೆ ಟೈರಿನ ಒಳಮೈ ಮೇಲೆ ಜಿಡ್ಡಿನ ಗೆರೆ. ಮಾಸ್ಟರ್ ಸಿಲಿಂಡರಿನ ಹಿಂಬದಿ ಸೀಲು ಹೋದರೆ ಮಾತ್ರ ಬಲು ಕಷ್ಟ, ಆಯಿಲ್ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ, ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ. ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಒಳಗೆಲ್ಲೋ ಸೋರುತ್ತಿದೆ. ಅಂಥ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಗ್ಯಾರೇಜಿನವರನ್ನೇ ಕರೆಸಿ.

ತೇಲುಬುರುಡೆಯೇ ಮುಳುಗುವುದುಂಟು! ವರ್ಷಗಟ್ಟಲೆ ಆಯಿಲಿನಲ್ಲಿದ್ದು, ಬಿರುಕು ಬಿಟ್ಟು, ಒಳಗೆ ಆಯಿಲ್ ತುಂಬಿಕೊಂಡು ತಳ ಸೇರುತ್ತದೆ. ಆಗ ಡಬ್ಬಿ ತುಂಬಿದ್ದರೂ ದೀಪ.

ಈ ದೀಪದ ಹಿಂದೆ ವಿಮಾನದ ಕಥೆಯೂ ಇದೆ. 1917ರಲ್ಲಿ ಹೈಡ್ರಾಲಿಕ್ ಬ್ರೇಕಿಗೆ ಪೇಟೆಂಟ್ ಪಡೆದ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್, ತಮ್ಮ ಅಲನ್ ಜೊತೆ ವಿಮಾನ ಕಟ್ಟಿದವನೂ ಹೌದು. ಅವರ ಮನೆತನದ ಹೆಸರಿನ ಕಾಗುಣಿತವನ್ನು ಜನ ಬಾಯಿಗೆ ಬಂದಂತೆ ಓದುತ್ತಿದ್ದರಂತೆ, ರೋಸಿಹೋಗಿ ಉಚ್ಚಾರದಂತೆ ಬರೆಯತೊಡಗಿದರು. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇದ್ದ ಮೊದಲ ಪ್ರಯಾಣಿಕ ಕಾರು 1921ರ ಡ್ಯೂಸನ್‌ಬರ್ಗ್. ಆ ಕಾಲದ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು: ಒಂದೇ ಕೊಳವೆಯ ಜಾಲ. ಎಲ್ಲಿ ಒಂದು ಕಡೆ ಒಡೆದರೂ ನಾಲ್ಕೂ ಚಕ್ರದ ಬ್ರೇಕು ಹೋಯಿತು. 1960ರ ದಶಕದಲ್ಲಿ ಜಾಲವನ್ನು ಎರಡಾಗಿ ಒಡೆದರು, 1968ರಿಂದ ಅಮೆರಿಕದ ಕಾರುಗಳಿಗೆ ಅದು ಕಡ್ಡಾಯವಾಯಿತು. ಎರಡು ಜಾಲಗಳ ನಡುವೆ ಒಂದು ಪುಟ್ಟ ಪಿಸ್ಟನ್ ಇಟ್ಟರು. ಒಂದು ಕಡೆ ಒತ್ತಡ ಕುಸಿದರೆ ಅದು ಆ ಕಡೆಗೆ ಜಾರಿ ಸ್ವಿಚ್ ಮುಟ್ಟಿ ಕೆಂಪು ದೀಪ ಹೊತ್ತಿಸುತ್ತಿತ್ತು. ಅರ್ಧ ಬ್ರೇಕಿನಲ್ಲೂ ಕಾರು ಹೇಗೋ ನಿಲ್ಲುತ್ತದೆ, ಡ್ರೈವರಿಗೆ ಗೊತ್ತೇ ಆಗದು. ಹಾಗಾಗಿ ದೀಪ ಬೇಕಾಯಿತು.

ಈಗಿನ ಬಹಳಷ್ಟು ಕಾರುಗಳಲ್ಲಿ ಆ ಎರಡು ಜಾಲ ಕರ್ಣರೇಖೆಯಂತೆ ಹಂಚಿಕೊಂಡಿರುತ್ತವೆ: ಎಡ ಮುಂದಿನದಕ್ಕೆ ಬಲ ಹಿಂದಿನದು ಜೋಡಿ.

ಹಳದಿ ಎಬಿಎಸ್ ದೀಪ ಒಂದೇ ಬಂದರೆ ಮಾಮೂಲಿ ಬ್ರೇಕ್ ಇದೆ, ಜಾರುವ ರಸ್ತೆಯಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಜಾಣತನ ಮಾತ್ರ ಇಲ್ಲ. ಹಳದಿಯ ಜೊತೆ ಕೆಂಪೂ ಬಂದರೆ? ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಕೊಡಬೇಕೆಂದು ತೂಗುವ ಕೆಲಸವನ್ನೂ ಈಗ ಅದೇ ಎಬಿಎಸ್ ಪೆಟ್ಟಿಗೆ ಮಾಡುತ್ತದೆ. ಅದೂ ಕೈಕೊಟ್ಟಿದೆ ಎಂದರ್ಥ. ಮುಂದಿನದಕ್ಕಿಂತ ಮುಂಚೆ ಹಿಂದಿನ ಚಕ್ರ ಕಚ್ಚಿಕೊಂಡರೆ ಕಾರು ಬುಗುರಿಯಂತೆ ತಿರುಗುತ್ತದೆ. ಕೆಂಪು ಬಣ್ಣ ಅದಕ್ಕೇ.

ಇಂದಿನ ಮಾದರಿಯ ಎಬಿಎಸ್ಸನ್ನು 1978ರಲ್ಲಿ ಮರ್ಸಿಡಿಸ್ ಕಾರಿಗೆ ಕೊಟ್ಟದ್ದು ಬಾಷ್ ಕಂಪನಿ. ಅದೇ ಬಾಷ್, ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಆಗಿ 1950ರ ದಶಕದಿಂದ ಬೇರು ಬಿಟ್ಟ ಸಂಸ್ಥೆ. ಹೆಸರು ಬದಲಾಗಿ ವರ್ಷಗಳಾದರೂ ಆಟೊದವರಿಗೆ ಇಂದಿಗೂ ಅದು ಮೈಕೋನೇ.

ಕೀ ಹಾಕಿದಾಗ ಎಬಿಎಸ್ ದೀಪ ಹತ್ತಿ ಆರುತ್ತದೆ, ಗೇಟ್ ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಹತ್ತುತ್ತದೆ. ಹೀಗಾದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಮೇಲೆ ಅನುಮಾನ ಇಡಿ. ನಿಂತ ಕಾರಿನಲ್ಲಿ ಅದಕ್ಕೆ ಸುಳ್ಳು ಹೇಳಲು ಅವಕಾಶವೇ ಇಲ್ಲ, ಚಕ್ರ ಉರುಳಿದ ಮೇಲೆ ಮೂರು ಚಕ್ರ ಒಂದು ಲೆಕ್ಕ ಕೊಟ್ಟು ನಾಲ್ಕನೆಯದು ಬೇರೆ ಲೆಕ್ಕ ಕೊಟ್ಟಾಗ ಬಣ್ಣ ಬಯಲಾಗುತ್ತದೆ. ಸೆನ್ಸರ್ ಮತ್ತು ಅದು ಓದುವ ಹಲ್ಲುಬಳೆಯ ನಡುವಿನ ಸಂದಿ ಒಂದು ಮಿಲಿಮೀಟರಿನ ಆಸುಪಾಸು. ಅಷ್ಟರಲ್ಲಿ ತುಕ್ಕಿನ ಚಕ್ಕೆಯೋ ಕಬ್ಬಿಣದ ಪುಡಿಯೋ ಕೂತರೆ ಸಾಕು. ಎಷ್ಟೋ ಸಲ ಬಿಚ್ಚಿ ಒರೆಸಿ ಹಾಕಿದರೆ ಮುಗಿಯುತ್ತದೆ, ಸಾವಿರಾರು ರೂಪಾಯಿಯ ಹೊಸ ಪಾರ್ಟು ಬೇಕಿಲ್ಲ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತಂದು ಚುಚ್ಚಿದರೆ "ನೋ ಫಾಲ್ಟ್" ಎಂದು ಬರುವುದುಂಟು. ನಂಬಬೇಡಿ. ಹದಿನಾರು ಪಿನ್ನಿನ ಆ ಸಾಕೆಟ್ ಬಂದದ್ದೇ ಹೊಗೆಯ ಲೆಕ್ಕಕ್ಕೆ. ಅಗ್ಗದ ಸ್ಕ್ಯಾನರುಗಳಲ್ಲಿ ಬಹಳಷ್ಟು ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ, ಬ್ರೇಕಿನವು ಬೇರೆ ಪೆಟ್ಟಿಗೆಯಲ್ಲಿರುತ್ತವೆ. ಪಿ ಅಕ್ಷರದ ಕೋಡು ಎಂಜಿನ್ನು ಗೇರಿನದ್ದು, ಸಿ ಅಕ್ಷರದ್ದು ಬ್ರೇಕು ಸ್ಟೀರಿಂಗಿನದ್ದು. ಇನ್ನೊಂದು ಮಾತು, ತೇಲುಬುರುಡೆಗೂ ಹ್ಯಾಂಡ್ ಬ್ರೇಕ್ ಸ್ವಿಚ್ಚಿಗೂ ಬಹುತೇಕ ಕಾರುಗಳಲ್ಲಿ ಕೋಡೇ ಇಲ್ಲ. ಅಲ್ಲಿ ಕಣ್ಣು ಕೈಗಳೇ ಸ್ಕ್ಯಾನರು.

ಬ್ಯಾಟರಿ ದೀಪ ಮತ್ತು ಬ್ರೇಕ್ ದೀಪ ಜೋಡಿಯಾಗಿ ಮಿನುಗಿದರೆ ಬ್ರೇಕ್ ಬಿಚ್ಚಬೇಡಿ. ಕೆಲವು ಜಪಾನೀ ಕಾರುಗಳಲ್ಲಿ ಆ ಎರಡಕ್ಕೂ ವೈರಿಂಗಿನಲ್ಲಿ ನಂಟಿದೆ. ಕೆಟ್ಟಿರುವುದು ಆಲ್ಟರ್ನೇಟರ್, ಅಂದರೆ ನಮ್ಮವರು ಈಗಲೂ ಡೈನಮೋ ಅನ್ನುವುದು.

"ಬ್ರೇಕ್ ಲೈಟ್ ಪ್ರಾಬ್ಲಂ" ಎಂದು ಫೋನಿನಲ್ಲಿ ಹೇಳಿದರೆ ಮೆಕ್ಯಾನಿಕ್ ಬಲ್ಬು ಹಿಡಿದುಕೊಂಡು ಬರುತ್ತಾನೆ. ತಪ್ಪು ಅವನದಲ್ಲ. ಹಿಂದೆ ಉರಿಯುವ ದೀಪಕ್ಕೂ ಮುಂದೆ ಉರಿಯುವ ದೀಪಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. "ಮೀಟರ್ ಬೋರ್ಡಿನ ಕೆಂಪು ದೀಪ" ಅನ್ನಿ.

ಪ್ಯಾಡ್ ಹಾಕಿಸಿದ ಮೇಲೆ ನನ್ನ ಕಾರಿನ ದೀಪ ಆಷಾಢದಲ್ಲಿ ಮತ್ತೆ ಬಂತು. ಈ ಸಲ ತಿರುವಿನ ಹಂಗಿಲ್ಲ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ದೀಪ, ಹತ್ತು ನಿಮಿಷ ಎಂಜಿನ್ ಓಡಿದರೆ ಇಲ್ಲ. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಉರಿಯುತ್ತೆ?" ಹೇಳಿದೆ. ಅವರು ಡಬ್ಬಿಯ ಬುಡದ ಸಾಕೆಟ್ ಎಳೆದು ತೋರಿಸಿದರು. ಎರಡು ಹಿತ್ತಾಳೆ ಪಿನ್ನುಗಳ ನಡುವೆ ಹಸಿರು ಕಿಲುಬು, ದೇವರಮನೆಯ ಮೂಲೆಯಲ್ಲಿ ಮರೆತ ಪಂಚಪಾತ್ರೆಯ ಹಾಗೆ. ತೇವ ಕೂತಾಗ ಆ ಕಿಲುಬೇ ತಂತಿಯಾಗಿ ಕರೆಂಟ್ ದಾಟಿಸುತ್ತಿತ್ತು, ಎಂಜಿನ್ನಿನ ಕಾವಿಗೆ ಒಣಗಿದರೆ ನಿಲ್ಲುತ್ತಿತ್ತು. ಸಾಕೆಟ್ ಕಳಚಿದ ಕೂಡಲೇ ದೀಪ ಆರಿತು. ಬಹಳಷ್ಟು ಕಾರುಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ: ಸಾಕೆಟ್ ತೆಗೆದರೆ ಆರಿತೇ, ದೂರು ಡಬ್ಬಿಯ ಕಡೆಯದು. ಆರಲಿಲ್ಲವೇ, ಹ್ಯಾಂಡ್ ಬ್ರೇಕ್ ಕಡೆ ತಿರುಗಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಸ್ಪ್ರೇ ಹೊಡೆದು, ಕೂರಿಸಿದರು. ಮೊದಲ ಸಲದ್ದೂ ಇದೇ ದೀಪ, ಇದೇ ಡಬ್ಬಿ, ರೋಗ ಮಾತ್ರ ಬೇರೆ.

ವೈರು ಅಲ್ಲಾಡಿಸಿ ನೋಡುವುದೂ ಒಂದು ಶಾಸ್ತ್ರೋಕ್ತ ಪರೀಕ್ಷೆಯೇ. ಕೀ ಆನ್ ಇಟ್ಟು ಒಬ್ಬರು ದೀಪ ನೋಡುತ್ತಿರಬೇಕು, ಇನ್ನೊಬ್ಬರು ವೈರಿನ ಕಟ್ಟನ್ನು ಗೇಣು ಗೇಣಿಗೆ ಮೆಲ್ಲಗೆ ಅಲುಗಿಸುತ್ತಾ ಹೋಗಬೇಕು. ಎಲ್ಲಿ ಮಿನುಗಿತೋ ಅಲ್ಲಿ ಲೂಸು, ಇಲ್ಲವೇ ಇಲಿಯ ಹಲ್ಲು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇರಲಿ, ಮಲೆನಾಡಿನ ಕೊಟ್ಟಿಗೆ ಇರಲಿ, ಬೆಚ್ಚಗಿನ ಎಂಜಿನ್ನಿನ ಮೇಲೆ ಮಲಗಲು ಇಲಿಗೆ ಬಾಡಿಗೆ ಇಲ್ಲ.

ಅಂದಿನಿಂದ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟಿದ್ದೇನೆ. ದೀಪ ಬಂದರೆ ಹೊತ್ತು, ತಿರುವು, ಮಳೆ, ಬ್ರೇಕ್ ಒತ್ತಿದ್ದೆನೋ ಇಲ್ಲವೋ, ಇಷ್ಟು ಬರೆಯುತ್ತೇನೆ. ಹೆಂಡತಿ ಇದನ್ನು ದೀಪದ ಜಾತಕ ಅನ್ನುತ್ತಾಳೆ.

ಹ್ಯಾಂಡ್ ಬ್ರೇಕಿನ ಸ್ವಿಚ್ಚು ಫ್ರಿಜ್ ಬಾಗಿಲಿನ ಸ್ವಿಚ್ಚಿನಂಥದ್ದು. ಲಿವರ್ ಪೂರ್ತಿ ಕೆಳಗೆ ಕೂತು ಸ್ವಿಚ್ಚಿನ ಮೂತಿಯನ್ನು ಒತ್ತಿದರೆ ದೀಪ ಆರುತ್ತದೆ, ಕೂದಲೆಳೆಯಷ್ಟು ಮೇಲಿದ್ದರೂ ಹತ್ತುತ್ತದೆ. ಕೇಬಲ್ ಬಿಗಿಯಾಗಿರಲಿ, ಸ್ಪ್ರಿಂಗ್ ಸತ್ತಿರಲಿ, ಬುಡಕ್ಕೆ ಕಾಫಿ ಚೆಲ್ಲಿ ಅಂಟಾಗಿರಲಿ, ಗುರುತು ಒಂದೇ: ಹಳ್ಳ ದಿಣ್ಣೆಯಲ್ಲಿ ಮಿನುಗುವುದು. ಅಂಗೈಯಿಂದ ಲಿವರನ್ನು ಕೆಳಕ್ಕೆ ಒತ್ತಿ ಹಿಡಿದಾಗ ನಿಂತರೆ ಪತ್ತೆಯಾಯಿತು. ಆದರೆ ಒಮ್ಮೆ ಇಳಿದು ಹಿಂದಿನ ಚಕ್ರದ ಹತ್ತಿರ ಕೈ ಒಡ್ಡಿ. ಒಂದು ಚಕ್ರ ಮಾತ್ರ ಬಿಸಿ ಹೊಡೆಯುತ್ತಿದ್ದರೆ ಲೈನರ್ ನಿಜವಾಗಿಯೂ ಉಜ್ಜುತ್ತಿದೆ. ಎಷ್ಟೋ ಹೊಸ ಕಾರುಗಳಲ್ಲಿ ಲಿವರ್ ಹೋಗಿ ಗುಂಡಿ ಬಂದಿದೆ, ಅದರ ಸಂಗತಿ ಬೇರೆ.

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದ ಮರುದಿನ ದೀಪ ಮೂರನೇ ಸಲ ಬಂತು. ಪುಸ್ತಕದಲ್ಲಿ ಬರೆದೆ: "ಹಂಪ್ ಹತ್ತುವಾಗ ಮಾತ್ರ. ಮಳೆ ಇಲ್ಲ. ತಿರುವು ಇಲ್ಲ." ಬರೆದು ಮುಗಿಸುವಷ್ಟರಲ್ಲಿ ಉತ್ತರವೂ ಹೊಳೆಯಿತು. ಮನೆ ಮುಂದೆ ನಿಲ್ಲಿಸಿ ಲಿವರಿನ ತೊಗಲು ಚೀಲ ಎತ್ತಿ ಬೆರಳು ಹಾಕಿದೆ. ಬುಡದಲ್ಲಿ ಒಂದು ಕಡಲೆಕಾಯಿ ಸಿಕ್ಕಿಕೊಂಡಿತ್ತು. ಸಿಪ್ಪೆ ಒಂದು ಕಡೆ ಚಪ್ಪಟೆಯಾಗಿತ್ತು, ಒಳಗಿನ ಎರಡು ಬೀಜ ಮಾತ್ರ ಗಟ್ಟಿಯಾಗಿದ್ದವು. ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನಾ ನಿಮ್ ಸೆನ್ಸರು?" ಅಂದಳು.